ಅರವತ್ತೊಂದು ಮುಖ

“ಈ ಫೋಟೊ ತೆಗ್ದವ ನಿನ್ನ ಕಸುಬಿನವನೇ ಮಾರಾಯ. ಬಾ ಇಲ್ಲಿ, ಎಷ್ಟು ಚೊಕ್ಕ ತೆಗ್ದಿದಾನೆ ನೋಡು!” ಎಂದು ಹೂವಪ್ಪ ನನ್ನ ತೋಳು ಹಿಡಿದು ಎಳೆದ.

ಮೇಗುಂದದ ಹೂವಪ್ಪನದು ತೋಟದ ಈ ತುದಿಯಿಂದ ಆ ತುದಿಗೆ ಕೇಳಿಸಬೇಕಾದ ದನಿ. ಆ ಕೋಣೆಯಲ್ಲಿ ಅದು ಹೊರಟಿದ್ದೇ ತಡ, ಮುಂದೆ ನಿಂತಿದ್ದ ಬಿಳಿ ಮುದುಕಿಯೊಬ್ಬಳು ತಿರುಗಿ ದುರುಗುಟ್ಟಿದಳು. ಹೊರಗಿನ ಗೋಡೆಯಲ್ಲಿ ನಗುವ ಮುಖವೊಂದನ್ನು ಬರೆದು ಅದರ ಮೇಲೆ ಕೆಂಪು ಗೀಟು ಎಳೆದಿದ್ದರು, ಇಲ್ಲಿ ನಗಬಾರದು ಎಂದು. ಹೂವಪ್ಪ ನಗುತ್ತಿರಲಿಲ್ಲ, ಪಾಪ. ಅವನು ಸಾವಿನ ಮನೆಯಲ್ಲೂ ಮಾತಾಡುವುದು ಹಾಗೆಯೇ.

ನಾವಿದ್ದದ್ದು ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ. ಅಡಿಕೆ ಕೊಯ್ಲು ಮುಗಿದ ಮೇಲೆ ನಮ್ಮ ಜಯಪುರದ ಕಡೆಯ ಬೆಳೆಗಾರರ ಬಳಗದವರು ಇಪ್ಪತ್ತಾರು ಜನ ಎಂಟು ದಿನದ ಪ್ರವಾಸ ಹೊರಟಿದ್ದೆವು. ಆ ದೇಶದ ದೊಡ್ಡ ದೇವಸ್ಥಾನ ನೋಡಿ ಆಗಿತ್ತು. ವಿಮಾನಕ್ಕೆ ಇನ್ನೂ ಮುಕ್ಕಾಲು ದಿನ ಇದೆ ಎಂದು ಬಸ್ಸಿನವನು ತಂದು ಈ ಗೇಟಿನ ಮುಂದೆ ಇಳಿಸಿದ್ದ. ಒಂದು ಕಾಲಕ್ಕೆ ಇದು ಹೈಸ್ಕೂಲಂತೆ. ಮೂರು ಮಹಡಿಯ ಉದ್ದುದ್ದ ಕಟ್ಟಡ, ಮುಂದೆ ಅಂಗಳ, ಅಂಗಳದಲ್ಲಿ ಬಿಳಿ ಹೂ ಬಿಟ್ಟ ದೇವಕಣಗಿಲೆ ಮರಗಳು. ಗೇಟು ದಾಟುವಾಗ ಕೊಪ್ಪದಲ್ಲಿ ಪರೀಕ್ಷೆ ಬರೆಯಲು ಹೋದ ದಿನ ನೆನಪಾಯಿತು ನನಗೆ. ಐವತ್ತು ವರ್ಷದ ಹಿಂದೆ ಪೋಲ್ ಪಾಟ್‌ನ ಜನ ದೇಶ ಹಿಡಿದಾಗ ತರಗತಿಗಳಿಗೆ ಇಟ್ಟಿಗೆಯ ಗೂಡು ಕಟ್ಟಿ ಶಾಲೆಯನ್ನು ಜೈಲು ಮಾಡಿಕೊಂಡರು. ಓದಿದವರು, ಬೇರೆ ಭಾಷೆ ಬಲ್ಲವರು, ಗಡಿಯಾಚೆಯವರೆಂದು ಅನುಮಾನ ಬಂದವರು, ಕೊನೆಗೆ ಅವರ ಪಕ್ಷದವರೇ, ಸಾವಿರಗಟ್ಟಲೆ ಜನ ಒಳಗೆ ಬಂದರು. ಜೀವಂತ ಹೊರಗೆ ಹೋದವರನ್ನು ಬೆರಳಿನಲ್ಲಿ ಎಣಿಸಬಹುದಂತೆ. ಬಂದವರನ್ನೆಲ್ಲ ಮೊದಲು ಒಂದು ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಆ ಫೋಟೊಗಳೇ ಈಗ ಗೋಡೆಗೋಡೆಗೂ ಇರುವುದು.

ಇದನ್ನೆಲ್ಲ ಅಲ್ಲಿಯ ಗೈಡ್ ಹೆಂಗಸು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಸಿಂಚನಾ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಸಿಂಚನಾ ನಮ್ಮ ಬಳಗದ ಅಧ್ಯಕ್ಷ ಸೋಮಶೇಖರಪ್ಪನವರ ತಮ್ಮನ ಮಗಳು, ಶೃಂಗೇರಿಯ ಕಾಲೇಜಿನಲ್ಲಿ ಓದುತ್ತಾಳೆ. ಚುರುಕು ಹುಡುಗಿ.

ನಾನು ಬೆಳೆಗಾರನಲ್ಲ. ನನಗಿರುವುದು ಹತ್ತು ಅಡಿಕೆ ಮರ, ಅದೂ ಬಾವಿಯ ಕಟ್ಟೆಯ ಸುತ್ತ. ಜಯಪುರದ ಬಸ್‌ಸ್ಟ್ಯಾಂಡಿನ ಎದುರು ಇಪ್ಪತ್ತಾರು ವರ್ಷದಿಂದ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಯಾರ ಹತ್ತಿರವೂ ಕಲಿತದ್ದಲ್ಲ. ಹಾಳಾದ ಕ್ಯಾಮೆರಾ ಒಂದನ್ನು ಬಿಚ್ಚಿ ಜೋಡಿಸಿ, ಹಾಳು ಮಾಡಿ, ಬೈಸಿಕೊಂಡು ಕಲಿತದ್ದು. ಸುತ್ತಿನ ಮೂರು ತಾಲ್ಲೂಕಿನ ಮದುವೆ, ಉಪನಯನ, ಪಾಸ್‌ಪೋರ್ಟು, ಗೋಡೆಗೆ ಹಾಕುವ ಹಿರಿಯರ ಪಟ, ಎಲ್ಲ ನನ್ನ ಕೈಯಿಂದ ದಾಟಿ ಹೋಗಿವೆ.

ಜನ ಫೋಟೊದಲ್ಲಿ ಮುಖ ನೋಡುತ್ತಾರೆ. ನಾನು ಮೊದಲು ಬೆಳಕು ಎಲ್ಲಿಂದ ಬಿತ್ತು ಎಂದು ನೋಡುತ್ತೇನೆ, ಅದೊಂದು ಚಟ. ಇಲ್ಲಿ ಬೆಳಕು ಎದುರಿನಿಂದ, ತುಸು ಮೇಲಿನಿಂದ. ಕಣ್ಣಿನ ಗುಡ್ಡೆಯಲ್ಲಿ ದೀಪದ ಚುಕ್ಕೆ ಹೊಳೆಯುತ್ತಿತ್ತು. ಫೋಕಸ್ ರೆಪ್ಪೆಯ ಮೇಲೇ ಕೂತಿತ್ತು. ಹೂವಪ್ಪ ಹೇಳಿದ್ದು ಸುಳ್ಳಲ್ಲ, ಕೆಲಸ ಗೊತ್ತಿದ್ದವನೇ ತೆಗೆದದ್ದು. ಒಂದು ಹೆಂಗಸಿನ ಗಲ್ಲ ಕೂದಲೆಳೆಯಷ್ಟು ಮೇಲಿತ್ತು. ಹೆದರಿದವರು ಗಲ್ಲ ತಗ್ಗಿಸುತ್ತಾರೆ, ಎತ್ತುವುದಿಲ್ಲ. ಅಂದರೆ ‘ಸ್ವಲ್ಪ ತಲೆ ಎತ್ತಿ’ ಎಂದು ಅವಳಿಗೆ ಯಾರೋ ಹೇಳಿದ್ದಾರೆ. ಹೇಳಿದವನ ದನಿ ಜೋರಿರಲಿಕ್ಕಿಲ್ಲ. ಜೋರು ಮಾಡಿದರೆ ಕತ್ತಿನ ನರ ಬಿಗಿಯುತ್ತದೆ, ಫೋಟೊದಲ್ಲಿ ಕಾಣಿಸುತ್ತದೆ. ಅವಳ ಕತ್ತು ಸಡಿಲವಾಗಿತ್ತು. ಮೆತ್ತಗೆ ಹೇಳಿದ್ದಾನೆ. ನಾನು ಹೇಳುವ ಹಾಗೆಯೇ.

ಒಬ್ಬೊಬ್ಬರ ಎದೆಯ ಮೇಲೂ ಒಂದು ನಂಬರಿನ ಚೀಟಿ, ಅಂಗಿಗೆ ಪಿನ್ನು ಚುಚ್ಚಿದ್ದು. ಒಬ್ಬ ಹುಡುಗನಿಗೆ ಅಂಗಿಯೇ ಇರಲಿಲ್ಲ. ಅವನ ಪಿನ್ನು ಎಲ್ಲಿ ಚುಚ್ಚಿದೆ ಎಂದು ನಾನು ಎರಡನೇ ಸಲ ನೋಡಲಿಲ್ಲ.

“ನಂಬರ್ ಎಂತಕ್ಕೆ?” ಎಂದು ಹೂವಪ್ಪ ಕೇಳಿದ.

ಗೈಡ್ ಹೇಳಿದ್ದನ್ನು ಸಿಂಚನಾ ಹೇಳತೊಡಗಿದಳು. “ಯಾವ ಫೋಟೊ ಯಾವ ಫೈಲಿಂದು ಅಂತ ಗೊತ್ತಾಗ್ಬೇಕಲ್ಲ ಮಾವ. ಅಷ್ಟು ಜನ. ಹೆಸರು ಹೇಳಿ ಹುಡುಕದು ಕಷ್ಟ, ಅದಕ್ಕೆ...” ಎಂದವಳು ನನ್ನ ಕಡೆ ನೋಡಿದಳು. ಬ್ಯಾಗಿನೊಳಗೆ ಕೈ ಹಾಕಿ ನೀರಿನ ಬಾಟಲಿ ಹುಡುಕತೊಡಗಿದಳು.

ಅವಳು ಯಾಕೆ ನನ್ನ ಕಡೆ ನೋಡಿದಳು ಎಂದು ನಮ್ಮಿಬ್ಬರಿಗೆ ಗೊತ್ತಿತ್ತು.

ಜನವರಿಯಲ್ಲಿ ಮೇಗುಂದದ ಹತ್ತಿರ ಒಬ್ಬರ ಅಂಗಳದಿಂದ ಒಣಗಿದ ಅಡಿಕೆ ಮೂರು ಚೀಲ ಕಳವಾಯಿತು. ಕದ್ದವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಆದರೆ ಮಾರನೇ ದಿನವೇ ‘ಹೊರಗಿನವರು’ ಎಂಬ ಮಾತು ಹುಟ್ಟಿತು. ಹೊರಗಿನವರೆಂದರೆ ಅಸ್ಸಾಮಿನಿಂದ, ಬಂಗಾಳದ ಕಡೆಯಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ ಇರುವವರು. ಅವರಿಲ್ಲದೆ ಈಗ ನಮ್ಮ ಕಡೆ ಒಂದು ಗೊನೆ ಕೆಳಗಿಳಿಯುವುದಿಲ್ಲ. ಬಳಗದವರು ಸಭೆ ಸೇರಿ ಹೊರಗಿನ ಕೆಲಸದವರದೆಲ್ಲ ಫೋಟೊ ತೆಗೆಸಿ ಇಟ್ಟುಕೊಳ್ಳೋಣ ಎಂದು ತೀರ್ಮಾನ ಮಾಡಿದರು. ಸೋಮಶೇಖರಪ್ಪನವರು ನನ್ನನ್ನು ಕರೆದರು. “ಯಾರಿಗೂ ಎಂತದೂ ಮಾಡಕ್ಕಲ್ಲ ಸುಬ್ರಾಯ. ಒಂದು ಗುರುತು ಇರ್ಲಿ ಅಂತ, ಅಷ್ಟೇ” ಎಂದರು.

ನಂಬರಿನ ಐಡಿಯಾ ಕೊಟ್ಟವನು ನಾನು.

ಶಾಲೆಯ ಮಕ್ಕಳ ಗುರುತಿನ ಕಾರ್ಡಿಗೆ ಫೋಟೊ ತೆಗೆಯುವವರು ನಾವೆಲ್ಲ ಮಾಡುವುದು ಹಾಗೆಯೇ, ಮಗುವಿನ ಕೈಗೊಂದು ನಂಬರಿನ ಚೀಟಿ ಕೊಟ್ಟುಬಿಡುವುದು. ಇಲ್ಲದಿದ್ದರೆ ಒಬ್ಬನ ಮುಖಕ್ಕೆ ಇನ್ನೊಬ್ಬನ ಹೆಸರು ಕೂತು ಮೇಷ್ಟ್ರ ಹತ್ತಿರ ಬೈಸಿಕೊಳ್ಳಬೇಕು. “ಈ ಜನರ ಹೆಸರು ನಮ್ಮ ಬಾಯಿಗೆ ಹತ್ತಲ್ಲ, ನಂಬರ್ ಹಿಡಿಸಿದ್ರೆ ತಪ್ಪಾಗಲ್ಲ” ಎಂದು ನಾನೇ ಹೇಳಿದೆ. “ಭಲೇ, ತಲೆ ಇದೆ ಮಾರಾಯ ನಿಂಗೆ” ಎಂದು ಸೋಮಶೇಖರಪ್ಪನವರು ಬೆನ್ನು ತಟ್ಟಿದರು. ಬಳಗದ ಗೋದಾಮಿನ ಜಗಲಿಯಲ್ಲಿ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ, ಎರಡು ಭಾನುವಾರ ಕೂತು, ಅರವತ್ತೊಂದು ಜನರ ಫೋಟೊ ತೆಗೆದೆ. ಸಿಂಚನಾ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಂಬರಿನ ಎದುರು ಹೆಸರು ಬರೆದಳು. ಉಳಿದ ಎಂಬತ್ತು ಜನರದ್ದು ಪ್ರವಾಸದಿಂದ ಬಂದ ಮೇಲೆ ಎಂದಾಗಿತ್ತು. ಆ ಕೆಲಸಕ್ಕೆ ಕೂಲಿ ಬೇಡ ಎಂದಿದ್ದೆ. ಅದಕ್ಕೇ ಬಳಗದ ಖರ್ಚಿನಲ್ಲಿ ನನ್ನನ್ನು ಪ್ರವಾಸದ ಫೋಟೊ ತೆಗೆಯಲು ಕರೆದುಕೊಂಡು ಬಂದರು. ಆ ಗೋಡೆಯ ಮುಂದೆ ನಾನು ನಿಂತದ್ದು ಆ ಅರವತ್ತೊಂದು ಫೋಟೊ ಕೊಡಿಸಿದ ಟಿಕೆಟಿನಲ್ಲಿ.

ಮುಂದಿನ ಕೋಣೆಯಲ್ಲಿ ಸೋಮಶೇಖರಪ್ಪನವರ ಹೆಂಡತಿ ವೆಂಕಮ್ಮನವರು ಒಂದು ಫೋಟೊದ ಮುಂದೆ ಅಲುಗಾಡದೆ ನಿಂತಿದ್ದರು. ಅವರಿಗೆ ಮಂಡಿನೋವು. ಐದು ನಿಮಿಷ ನಿಂತರೆ ಕೂರಲು ಜಾಗ ಕೇಳುತ್ತಾರೆ, ಅವತ್ತು ಕೇಳಲಿಲ್ಲ.

“ಸುಬ್ರಾಯ, ಇದು ಎಂತದು ನೋಡು. ಇವಳ ತೋಳಿನ ಹತ್ರ.”

ನೋಡಿದೆ. ಹರೆಯದ ಹೆಂಗಸು, ನೇರ ನೋಟ. ಫೋಟೊದ ಅಂಚಿನಲ್ಲಿ, ಅವಳ ತೋಳನ್ನು ಹಿಡಿದ ಪುಟ್ಟ ಕೈ. ಕೈ ಮಾತ್ರ. ಉಳಿದ ಮಗು ಚೌಕಟ್ಟಿನ ಹೊರಗೆ.

“ಕೂಸಿನ ಕೈ ಅಲ್ಲವನಾ?”

“ಹೌದು ವೆಂಕಮ್ಮ.”

“ಅಯ್ಯೋ, ಕೂಸನ್ನ ಎಂತ ಮಾಡಿದ್ರಂತೆ?” ಎಂದು ಅವರು ಸಿಂಚನಾಳನ್ನು ಕೇಳಿದರು. ಸಿಂಚನಾ ಗೈಡನ್ನು ಕೇಳಿದಳು. ಗೈಡ್ ತಲೆ ಅಲ್ಲಾಡಿಸಿದಳು. ಅದನ್ನು ಕನ್ನಡ ಮಾಡಬೇಕಾಗಿರಲಿಲ್ಲ.

ನನಗೆ ಮೂವತ್ತೇಳನೇ ನಂಬರು ಕಣ್ಣಿಗೆ ಕಟ್ಟಿತು. ಹೂವಪ್ಪನ ತೋಟದಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುವ ಮೊಯ್ನಾ. ಅವಳ ಒಂದೂವರೆ ವರ್ಷದ ಮಗು ಅವಳನ್ನು ಬಿಟ್ಟು ಕೂರಲು ಒಪ್ಪಲಿಲ್ಲ. ಸ್ಟೂಲಿನ ಪಕ್ಕ ನಿಲ್ಲಿಸಿದೆ. ಅದು ಸೆರಗು ಹಿಡಿದುಕೊಂಡಿತು. “ಪರವಾಗಿಲ್ಲ ಬಿಡು” ಎಂದು ಕ್ಲಿಕ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಆ ನಾಲ್ಕು ಬೆರಳನ್ನು ಕತ್ತರಿಸಿ ತೆಗೆದೆ. ಚೊಕ್ಕವಾಗಿ ಬಂತು. ಇಲ್ಲಿಯವನು ಕತ್ತರಿಸಿರಲಿಲ್ಲ.

ಅಂಗಳಕ್ಕೆ ಬಂದರೆ ಸೋಮಶೇಖರಪ್ಪನವರು ಕಲ್ಲು ಬೆಂಚಿನ ಮೇಲೆ ಕೂತು ಅಳುತ್ತಿದ್ದರು. ಸುಳ್ಳು ಹೇಳಬಾರದು, ನಿಜವಾಗಿಯೂ ಅಳುತ್ತಿದ್ದರು. ಆ ಮನುಷ್ಯ ಕೆಟ್ಟವರಲ್ಲ. ಊರಿನಲ್ಲಿ ಯಾರಿಗೆ ಹಾವು ಕಚ್ಚಲಿ, ಯಾರ ಮನೆಯಲ್ಲಿ ಹೆರಿಗೆ ಬರಲಿ, ಮೊದಲು ಹೊರಡುವುದು ಅವರ ಕಾರು. ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು ಎದ್ದವರು, ಬಂದವರು ಬರೆಯಲೆಂದು ಬಾಗಿಲ ಬಳಿ ಇಟ್ಟ ದೊಡ್ಡ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದರು: ‘ಮನುಷ್ಯರು ಮನುಷ್ಯರಿಗೆ ಎಂದೂ ಹೀಗೆ ಮಾಡಬಾರದು.’ ದುಂಡಗಿನ ಅಕ್ಷರ. ಕೆಳಗೆ ಹೆಸರು, ಜಯಪುರ, ಕೊಪ್ಪ ತಾಲ್ಲೂಕು. “ಇದೊಂದು ಫೋಟೊ ತೆಗಿ ಸುಬ್ರಾಯ, ಬಳಗದ ಗ್ರೂಪಿಗೆ ಹಾಕಾಣ” ಎಂದರು. ತೆಗೆದೆ.

ಗೈಡ್ ಗೇಟಿನ ತನಕ ಬಂದು ಕೈ ಮುಗಿದು, ಹೋಗಿ ಬನ್ನಿ ಎನ್ನುವ ಹಾಗೆ ಏನೋ ಹೇಳಿದಳು. ನಮ್ಮಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ನಾವು ‘ಬರ್ತೀವಿ’ ಎನ್ನುವುದಿಲ್ಲ, ತಿರುಗಿಯೂ ನೋಡುವುದಿಲ್ಲ, ಸುಮ್ಮನೆ ಎದ್ದು ನಡೆಯುವುದು. ಇಪ್ಪತ್ತಾರು ಜನ ಅವಳ ಎದುರಿನಿಂದ ತಲೆ ತಗ್ಗಿಸಿಕೊಂಡು ಹಾಗೆಯೇ ನಡೆದೆವು. ಎತ್ತಿದ ಕೈ ಇಳಿಸದೆ ಅವಳು ನೋಡುತ್ತಾ ನಿಂತಳು. ಎಂಥ ಜನವಪ್ಪ ಇವರು ಎಂದುಕೊಂಡಿರಬೇಕು.

“ಈಗ ತಿಂಡಿಗಿಂಡಿ ಅನ್ಬೇಡಿ ಯಾರೂ” ಎಂದು ವೆಂಕಮ್ಮನವರು ಬಸ್ಸಿನಲ್ಲಿ ಹೇಳಿದರು. “ತಲೆಗೆ ನೀರು ಬೀಳದೆ ಬಾಯಿಗೆ ಎಂತದೂ ಹಾಕಕ್ಕಾಗಲ್ಲ.”

“ರೂಮ್ ಖಾಲಿ ಮಾಡಿ ಆಗಿದೆಯಲ್ಲ ಮಾರಾಯ್ತಿ, ಎಲ್ಲಿ ಮೀತೀಯ? ಆ ನದಿಗೆ ಹಾರ್ತೀಯನಾ?” ಎಂದು ಹೂವಪ್ಪ ಕೂಗಿದ. ಬಸ್ಸಿನಲ್ಲಿ ನಗು ಎದ್ದಿತು. ಎಲ್ಲರಿಗೂ ನಗಬೇಕಾಗಿತ್ತು ಎಂದು ಕಾಣುತ್ತದೆ. ಕೊನೆಗೆ ಬಾಟಲಿಯ ನೀರನ್ನು ತಲೆಗೆ ಚಿಮುಕಿಸಿಕೊಂಡು ಚಕ್ಕುಲಿ ಡಬ್ಬ ಬಿಚ್ಚಿದರು.

ನಾನು ಸೋಮಶೇಖರಪ್ಪನವರ ಪಕ್ಕದ ಸೀಟಿಗೆ ಹೋಗಿ ಕೂತೆ. ಅವರೇ ಮೊದಲು ಮಾತು ತೆಗೆದರು.

“ಊರಿಗೆ ಹೋದ ವಾರವೇ ಉಳಿದಿದ್ದು ಮುಗಿಸಿಬಿಡು ಸುಬ್ರಾಯ. ಎಂಬತ್ತು ಜನ ಅಲ್ಲವನಾ?”

“ಅದನ್ನೇ ಹೇಳಣ ಅಂತ ಬಂದೆ. ಆ ನಂಬರು...”

“ಎಂತ ನಂಬರು?”

“ಒಳಗೆ ನೋಡಿದ್ರಲ್ಲ. ಎದೆ ಮೇಲೆ.”

ಅವರು ನನ್ನ ಮುಖ ನೋಡಿದರು. ಕಣ್ಣು ಇನ್ನೂ ಕೆಂಪಗೇ ಇತ್ತು. “ಎಲ್ಲಿಗೆ ಎಲ್ಲಿ ತಂದು ಕಟ್ತೀಯ ಮಾರಾಯ? ಅವರು ಕೊಲ್ಲಕ್ಕೆ ತೆಗ್ದದ್ದು, ನಾವು ಕಾಯಕ್ಕೆ ತೆಗೆಯದು. ನಿನ್ನ ಆಧಾರ್ ಕಾರ್ಡಲ್ಲಿ ನಂಬರ್ ಇಲ್ಲವನಾ? ನಿನ್ನ ಯಾರು ಕೊಂದ್ರು?”

“ಹೌದು, ಅದೂ ಸರಿ” ಎಂದೆ. ಅವರು ನನ್ನ ಕೈಗೊಂದು ಚಕ್ಕುಲಿ ಇಟ್ಟರು. ತಿಂದೆ.

ಊರಿಗೆ ಬಂದ ಮೇಲೆ, ಶನಿವಾರ ಸಂಜೆ, ಕ್ಯಾಮೆರಾ ರಿಪೇರಿಗೆ ಶಿವಮೊಗ್ಗಕ್ಕೆ ಹೋಗಿದೆ ಎಂದು ಅವರಿಗೆ ಫೋನು ಮಾಡಿದೆ. ಕ್ಯಾಮೆರಾ ನನ್ನ ಎದುರು ಮೇಜಿನ ಮೇಲೇ ಇತ್ತು. ತೆಗೆಯುವುದಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ತಿಂಗಳು ಅವರ ನೆಂಟರ ಮನೆಯ ಎರಡು ಮದುವೆ ನನ್ನ ಕೈಯಲ್ಲಿದ್ದವು. “ಅಯ್ಯೋ, ಹೌದನಾ? ಇರ್ಲಿ ಬಿಡು” ಎಂದರು, ಅಷ್ಟೇ.

ಭಾನುವಾರ ಸ್ಟುಡಿಯೊದ ಬಾಗಿಲು ಅರ್ಧ ಎಳೆದು ಒಳಗೆ ಕೂತಿದ್ದೆ. ಮಧ್ಯಾಹ್ನ ತಡೆಯಲಾಗದೆ ಗೋದಾಮಿನ ಕಡೆ ಹೋದೆ. ಜಗಲಿಯಲ್ಲಿ ನನ್ನದೇ ಬಿಳಿ ಪಂಚೆ ಕಟ್ಟಿತ್ತು. ಸಿಂಚನಾ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಳು. ಸಾಲು ರಸ್ತೆಯ ತನಕ ಇತ್ತು. ನನ್ನನ್ನು ಕಂಡು ಮೊಬೈಲು ಇಳಿಸಿದಳು.

“ಕ್ಯಾಮೆರಾ ಸರಿಯಾಯ್ತಾ ಅಂಕಲ್?”

“ಇಲ್ಲ.”

“ದೊಡ್ಡಪ್ಪ ಹೇಳಿದ್ರು. ಎಂತ ಮಾಡದು.” ದನಿ ತಗ್ಗಿಸಿ ಹೇಳಿದಳು, “ಅಲ್ಲಿ ನೋಡಿದ್ದು ನನಗೂ ಮರ್ತಿಲ್ಲ ಅಂಕಲ್. ನೀವು ಕ್ಯಾಮೆರಾ ಇಲ್ಲ ಅಂದ್ರಿ. ನಾನು ಎಂತ ಇಲ್ಲ ಅನ್ಲಿ?”

ನನ್ನ ಸುಳ್ಳು ಅವಳಿಗೆ ಗೊತ್ತಾಗಿತ್ತು. ನಾನು ತಿರುಗಿ ಬಂದೆ.

ನಾನೊಬ್ಬ ತೆಗೆಯಲಿಲ್ಲ ಎಂಬ ಸಮಾಧಾನ ಒಂದು ವಾರ ಇತ್ತು. ಆಮೇಲೆ ಬಳಗದವರು ಎಲ್ಲ ಮುಖಗಳನ್ನೂ ಸೇರಿಸಿ ದೊಡ್ಡ ಹಾಳೆ ಮಾಡಿಸಿ ಅಂಗಡಿ, ಹೋಟೆಲು, ಮೇಗುಂದದ ಕಡೆ ಹೋಗುವ ಜೀಪುಗಳಿಗೆ ಹಂಚಿದರು. ಈ ಹಾಳೆಯಲ್ಲಿರುವವರು ತೋಟದ ಯಜಮಾನರ ಚೀಟಿ ತೋರಿಸಿದರೆ ಮಾತ್ರ ಜೀಪಿಗೆ ಹತ್ತಿಸಬೇಕು ಎಂದು ಮಾತಾಗಿತ್ತಂತೆ. ಸಿಂಚನಾ ತೆಗೆದ ಎಂಬತ್ತು ಮುಖ ಮಬ್ಬಾಗಿದ್ದವು, ಯಾರೆಂದು ಗುರುತೇ ಹತ್ತುತ್ತಿರಲಿಲ್ಲ. ನನ್ನ ಅರವತ್ತೊಂದು ಒಂದೊಂದೂ ಹೊಳೆಯುತ್ತಿದ್ದವು. ಜೀಪು ಓಡಿಸುವ ಮೋಹಿತ್ ನನ್ನನ್ನು ನಿಲ್ಲಿಸಿ ಹೇಳಿದ, “ನಿಮ್ಮ ಫೋಟೊ ಅಂದ್ರೆ ಫೋಟೊ ಸುಬ್ರಾಯಣ್ಣ. ಅಷ್ಟು ದೂರದಲ್ಲಿ ಬರ್ತಿದ್ರೇ ಗೊತ್ತಾಗ್ತದೆ, ಇವರು ಹಾಳೆಯವರು ಅಂತ.”

ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಮೊಯ್ನಾ ಸ್ಟುಡಿಯೊಕ್ಕೆ ಬಂದಳು. ಸೊಂಟದಲ್ಲಿ ಮಗು. ಅದರ ಹಣೆಯ ಮೇಲೆ ಒದ್ದೆ ಬಟ್ಟೆ. ಚಪ್ಪಲಿ ತುಂಬ ಕೆಂಪು ಧೂಳು, ನಡೆದೇ ಬಂದಿದ್ದಳು.

“ಅಣ್ಣಾ, ಮಗೂಗೆ ಮೂರು ದಿನದಿಂದ ಜ್ವರ. ಡಾಕ್ಟರ್ ಹತ್ರ ತೋರ್ಸಿದೆ.” ನಾಲ್ಕು ವರ್ಷದಲ್ಲಿ ಅವಳ ಕನ್ನಡ ಚೆನ್ನಾಗಿಯೇ ಆಗಿತ್ತು. “ಜೀಪಲ್ಲಿ ಹತ್ತಿಸ್ಲಿಲ್ಲ. ಮುಂಚೆ ಮೋಹಿತಣ್ಣ ನನ್ನ ಮೊಯ್ನಾ ಅಂತ ಕರೀತಿದ್ದ. ಈಗ ಮೂವತ್ತೇಳು ಅಂತಾನೆ.”

“ಹೂವಪ್ಪ ಚೀಟಿ ಕೊಡ್ಲಿಲ್ಲವನಾ?”

“ಯಜಮಾನ್ರು ಮನೇಲಿಲ್ಲ, ನರಸಿಂಹರಾಜಪುರಕ್ಕೆ ಮದುವೆಗೆ ಹೋಗಿದಾರೆ. ಫೋನ್ ಮಾಡಿದೆ. ನಿಂಗೆ ಎಂತಕ್ಕೆ ಚೀಟಿ, ನೀನು ನಮ್ಮನೆಯವಳಲ್ಲವನಾ ಅಂದ್ರು. ಅದನ್ನ ಮೋಹಿತಣ್ಣಂಗೆ ಹೇಳಿ ಅಂದೆ. ಆಯ್ತು ಅಂದ್ರು. ಹೇಳ್ಲಿಲ್ಲ.” ಅವಳು ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದಳು. “ನನ್ನ ಫೋಟೊ ಅಳಿಸಿಬಿಡಿ ಅಣ್ಣಾ.”

ನಾನು ಕಂಪ್ಯೂಟರು ತೆರೆದು ಅವಳ ಎದುರೇ ಆ ಫೋಟೊ ಹುಡುಕಿದೆ. ಅವಳು ಬಗ್ಗಿ ನೋಡಿದಳು. ಮೊದಲ ಸಲ ನೋಡುತ್ತಿದ್ದಳು ಎಂದು ಕಾಣುತ್ತದೆ. ತೆಗೆಸಿಕೊಂಡವರಿಗೆ ನಾವು ಒಂದು ಕಾಪಿಯನ್ನೂ ಕೊಟ್ಟಿರಲಿಲ್ಲ.

“ಚೆನ್ನಾಗಿ ಬಂದಿದೆ” ಎಂದಳು. ಆಮೇಲೆ, “ಮಗು ಇತ್ತಲ್ಲ ಪಕ್ಕದಲ್ಲಿ?”

“ಅದು... ಫ್ರೇಮಿಗೆ ಬರ್ಲಿಲ್ಲ” ಎಂದೆ.

ಅಳಿಸಿದೆ. ಕಸದ ಬುಟ್ಟಿಯ ಗುರುತು ಒತ್ತಿ ಅಲ್ಲಿಂದಲೂ ಅಳಿಸಿದೆ. ಮೂವತ್ತಾರರ ಪಕ್ಕಕ್ಕೆ ಮೂವತ್ತೆಂಟು ಬಂದು ಕೂತಿತು.

“ಹೋಯ್ತಾ?”

“ಹೋಯ್ತು ನೋಡು.”

“ಜೀಪಿನ ಗಾಜಿನಿಂದ?”

ನಾನು ಮೌಸು ಪಕ್ಕಕ್ಕೆ ಸರಿಸಿದೆ.

“ಅಂಗಡಿ ಗೋಡೆಯಿಂದ?”

“ಅದು ನನ್ನ ಕೈಲಿಲ್ಲ ಮೊಯ್ನಾ.”

“ತೆಗೆದಿದ್ದು ನಿಮ್ಮ ಕೈ ಅಲ್ವಾ ಅಣ್ಣಾ” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು.

“ಇರು, ನಾನು ಬಂದು ಮೋಹಿತ್‌ಗೆ ಹೇಳ್ತೀನಿ.”

“ಇವತ್ತು ಹೇಳ್ತೀರ. ನಾಳೆ?” ಅವಳು ಮಗುವಿನ ಹಣೆಯ ಬಟ್ಟೆ ಸರಿಮಾಡಿ ಮೆಟ್ಟಿಲಿಳಿದಳು. ‘ಬರ್ತೀನಿ’ ಎನ್ನಲಿಲ್ಲ.

ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳು ರಸ್ತೆ ದಾಟಿ ಜೀಪಿನ ಹತ್ತಿರ ಹೋಗಿದ್ದಳು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರಿದ್ದರು. ಮೋಹಿತ್ ಅವಳನ್ನು ನೋಡಿದ. ಮುಂದಿನ ಖಾಲಿ ಸೀಟಿನ ಮೇಲೆ ತನ್ನ ಟವೆಲ್ಲು ಹಾಸಿ, ಅದರ ಮೇಲೆ ತರಕಾರಿಯ ಚೀಲ ಎತ್ತಿಟ್ಟ. ನಾನು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಮೊಯ್ನಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮೇಗುಂದದ ದಾರಿ ಹಿಡಿದಳು. ಸ್ವಲ್ಪ ಹೊತ್ತಿಗೆ ಜೀಪು ಹಾರ್ನ್ ಹೊಡೆದುಕೊಂಡು ಅವಳನ್ನು ದಾಟಿ ಹೋಯಿತು.